ಎಣ್ಣೆ ಬಾರದಾಗ ಹತ್ತುವ ದೀಪ

ಮನೆಯ ಲೆಕ್ಕ ಬೇರೆ:
ಎಣ್ಣೆ ತೀರಿದರೆ ದೀಪ ಆರುತ್ತದೆ.
ಗಾಡಿಯಲ್ಲಿ ಎಣ್ಣೆ ಬಾರದಾದಾಗಲೇ
ಹತ್ತುತ್ತದೆ ಸ್ಟಿಯರಿಂಗಿನ ಹಿಂದೆ
ಮೂತಿಗೊಂದು ಹನಿ ತೂಗಿಕೊಂಡ ಕೆಂಪು ಗಿಂಡಿ.

ಅಸೊಳ್ಣಾ ಸೇತುವೆ ಏರುವಾಗ ಹತ್ತಿತು.
ಬೆಳಗಿನ ನಾಲ್ಕೂಕಾಲು. ಹಿಂದೆ ಇಪ್ಪತ್ತು ಲಾದಿ ಐಸು,
ಐಸಿನ ಮೇಲೆ ಹೊಟ್ಟು, ಹೊಟ್ಟಿನ ಮೇಲೆ ತಾಡಪಾಲು,
ಕುಟ್ಬಣ ಜೆಟ್ಟಿಯಲ್ಲಿ ಕಾಯುವ ಟ್ರಾಲರು.
ಮೊದಲು ದೀಪ, ಆಮೇಲೆ ಸದ್ದು:
ತಳದಲ್ಲೆಲ್ಲೋ
ಕಾಳಿಲ್ಲದ ಒರಳಿಗೆ ಒನಕೆ ಬಿದ್ದ ಹಾಗೆ.

ಕೀ ತಿರುಗಿಸಿಬಿಟ್ಟೆ.
ಐಸಿನ ನೀರು ಡಾಂಬರಿಗೆ ತೊಟ್ಟಿಕ್ಕುವುದು ಕೇಳಿತು.
ಕಡ್ಡಿ ಎಳೆದು ಮೊಬೈಲಿನ ಬೆಳಕಿಗೆ ಹಿಡಿದರೆ
ಎಣ್ಣೆ ಮೇಲಿನ ಗೆರೆಯ ತನಕ.
ಇದ್ದೂ ಇಲ್ಲದ್ದು.

ಮೌಲಾಲಿಯ ಟೆಂಪೋ ಐಸನ್ನು ಜೆಟ್ಟಿಗೆ ಮುಟ್ಟಿಸಿ
ತಿರುಗಿ ಬಂದು ನನ್ನನ್ನು ಎಳೆಯಿತು, ಹಗ್ಗದಲ್ಲಿ, ಚಿಂಚಿಣಿಗೆ,
ಕಾಯ್ತಾನನ ಶೆಡ್ಡಿಗೆ.
ಹಡಗಿನ ಎಂಜಿನ್ ರೂಮಿಗೆ ಎಡಗಿವಿ ಕೊಟ್ಟು ಬಂದವನು,
ಬಲಗಿವಿಯಲ್ಲೇ ಸಂಸಾರ.
"ದೀಪ ಸುಳ್ಳು ಹೇಳಬಹುದು" ಅಂದ. "ಮುಳ್ಳನ್ನು ಕೇಳೋಣ."
ಸ್ವಿಚ್ಚು ಬಿಚ್ಚಿ ಅದೇ ತೂತಿಗೆ ತನ್ನ ಮೀಟರು ತಿರುಪಿದ.

ಹೊಡಿ ಸ್ಟಾರ್ಟ್.
ಉದ್ದ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ, ತುದಿ ಎಂಜಿನ್ನಿನ ತಲೆಗೆ.
ಇಲ್ಲಿ ಅಲ್ಲ.
ಸೊಂಟಕ್ಕೆ. ಇಲ್ಲೂ ಅಲ್ಲ.
ಇನ್ನೂ ಕೆಳಗೆ ಇಟ್ಟವನು ಕಣ್ಣು ಮುಚ್ಚಿದ.
ಮುಳ್ಳು ಹನ್ನೆರಡರಲ್ಲಿತ್ತು.
ರೇಸ್ ಕೊಡು ಎಂದು ಬೆರಳೆತ್ತಿದ.
ಏರಬೇಕಾದ್ದು ಇಳಿಯಿತು, ಒಂಬತ್ತು, ಆರು...
"ಬಂದ್! ಬಂದ್!"

ಬೇರಿಂಗಷ್ಟೇ ಸವೆದಿದ್ದರೆ ರೇಸಿಗೆ ಮುಳ್ಳು ಏರುತ್ತದಂತೆ.
ಇದು ಹೀರಲಾಗದೆ ಸೋತದ್ದು,
ಬಾಯಿಗೇನೋ ಅಡರಿದೆ.

ಮಧ್ಯಾಹ್ನದ ಹೊತ್ತಿಗೆ ತಟ್ಟೆ ಕೆಳಗಿಳಿಯಿತು.
ಎಣ್ಣೆಯಲ್ಲಿ ಬೆರಳದ್ದಿ ಬಿಸಿಲಿಗೆ ಹಿಡಿದ:
ಹಳೆ ಸೀರೆ ಕೊಡವಿದಾಗ ಉದುರುವ ಜರಿಪುಡಿ.
ಆಮೇಲೆ ಜರಡಿ ಬಿಚ್ಚಿದ.
ಕಣ್ಣುಕಣ್ಣಿಗೂ ನೀಲಿ ಸಿಲಿಕೋನಿನ ಎಳೆ,
ಮೆತ್ತಗೆ, ಬೆಂದ ಶ್ಯಾವಿಗೆಯ ಹಾಗೆ.

"ಕೊಣೆಂ ಕೆಲೆಂ ಹೆಂ?"
ಯಾರು ಮಾಡಿದ್ದಿದು.

ಮೋತಿ ಡೋಂಗರಿನ ಇಳಿಜಾರು, ಮಳೆಗಾಲದ ಒಂದು ರಾತ್ರಿ.
ನೀಲಮ್ಮನ ರಂಗೋಲಿಯ ಮೇಲೆ ದಿನಕ್ಕೊಂದು ಹನಿ
ಸುರಿಸುತ್ತಿದ್ದ ತಟ್ಟೆಯನ್ನು ನಾನೇ ಬಿಚ್ಚಿ
ಒಂದು ಸುತ್ತು ಸಾಕಾಗುವಲ್ಲಿ ಮೂರು ಸುತ್ತು ಬಳಿದಿದ್ದೆ,
ಹೋಳಿಗೆಗೆ ತುಪ್ಪ ಸುರಿಯುತ್ತ ಅವ್ವ ಅನ್ನುವುದನ್ನೇ ಅಂದುಕೊಂಡು:
ಇರಲಿ, ಇನ್ನೊಂದೀಟು.
ಬಿಗಿದಾಗ ಹೊರಗೆ ಉಬ್ಬಿದ್ದನ್ನು ಬಟ್ಟೆಯಿಂದ ಒರೆಸಿದೆ.
ಒಳಗೂ ಅಷ್ಟೇ ಉಬ್ಬಿರುತ್ತದೆ
ಎಂದು ಹೊಳೆಯಲಿಲ್ಲ.

"ಯಾವನೋ ಮಡಗಾಂವದವನು" ಅಂದೆ.

ಕಾಯ್ತಾನ್ ಎಳೆಯೊಂದನ್ನು ಚಿಮಟದಲ್ಲಿ ಎತ್ತಿ ನೋಡಿದ.
"ಮೆಕ್ಯಾನಿಕ್ ಇಷ್ಟು ಖರ್ಚು ಮಾಡೂದಿಲ್ಲ. ಮಾಲಕನೇ ಇರಬೇಕು."
ನಾನು ಸ್ಪ್ಯಾನರುಗಳನ್ನು ನಂಬರಿನ ಪ್ರಕಾರ ಜೋಡಿಸತೊಡಗಿದೆ.

ಬೇರಿಂಗಿನ ಬೆಳ್ಳಿ ಹೋಗಿ ತಾಮ್ರ ಕಂಡಿತ್ತು.
ಹೊಸ ಚಿಪ್ಪು, ಹೊಸ ಎಣ್ಣೆ, ಎರಡು ದಿನದ ಬಾಡಿಗೆ ಮಣ್ಣು.
ತಟ್ಟೆ ಏರಿಸುವ ಮೊದಲು ಟ್ಯೂಬು ನನ್ನ ಕೈಗೇ ಕೊಟ್ಟ.
ಇರುವೆಸಾಲಿನಷ್ಟು ತೆಳ್ಳಗೆ ಒಂದು ಗೆರೆ ಎಳೆದೆ.
ಸುತ್ತು ಮುಗಿದರೂ ಕೈ ಮುಂದಕ್ಕೇ ಹೋಯಿತು.
ಅವನು ಏನೂ ಅನ್ನದೆ ಮುಚ್ಚಳ ಹಾಕಿದ.

ಮುಳ್ಳು ನಲವತ್ತೈದಕ್ಕೆ ಹೋಗಿ ಕೂತಿತು. ಸ್ವಿಚ್ಚು ಮತ್ತೆ ಸಿಕ್ಕಿಸಿದೆವು,
ದೀಪ ಆರಿತು.
ಆರಿದ ದೀಪಕ್ಕೆ ಕೈಮುಗಿದೆ.

ಮರುದಿನ ಐಸಿಗೆ ಹೊರಡುವಾಗ ಬಗ್ಗಿ ನೋಡಿದೆ.
ನೀಲಮ್ಮನ ರಂಗೋಲಿಯ ಅಂಚಿಗೆ
ಒಂದೇ ಒಂದು ಹನಿ.
ಇರಲಿ, ಅಂದೆ.