ಹಾಲಕ್ಕಿಯ ಹೊತ್ತು

ಯಾವ ಹೊತ್ತು ಒಳ್ಳೇದು ಅಂತ ಕೇಳಿದೆಯಲ್ಲ ತೌಸೀಫ್,
ಹೊತ್ತಿನ ವಿಷಯ ನನ್ನನ್ನೇ ಕೇಳಬೇಕು.
ಇಪ್ಪತ್ತೆಂಟು ವರ್ಷ ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಕೂದಲೆಳೆ ಸ್ಪ್ರಿಂಗು ಕೂರಿಸಿದವಳು ನಾನು.
ನಿಮಿಷ ಎಷ್ಟು ತೂಗುತ್ತೆ ಅಂತ
ಈ ಬೆರಳಿಗೆ ಗೊತ್ತು.

ಮೊದಲು ಸಂಜೆ ಹೇಳುತ್ತೇನೆ.
ಜನವರಿಯಾದರೆ ಆರೂಕಾಲಿಗೆ ಸೂರ್ಯ
ಪೀಣ್ಯದ ಹೊಗೆಯೊಳಗೆ ಇಳಿಯುತ್ತಾನೆ.
ಆಗ ಓಡಿ ಬರಬೇಡ.
ಐದೂವರೆಗೇ ಬಂದು, ಬೀಗ ಜಡಿದ ಕ್ವಾರ್ಟರ್ಸಿನ
ಮುರುಕು ಜಗುಲಿಯ ಮೇಲೆ ಸುಮ್ಮನೆ ಕೂತಿರು.
ಹಕ್ಕಿಗೆ ನಿನ್ನ ಮುಖ ಹಳತಾಗಬೇಕು.
ಗಿಳಿಗಳು ಜಗಳ ಮುಗಿಸಿ
ಕೊನೇ ಕಾಗೆ ಮತ್ತಿಕೆರೆ ಕಡೆ ಹೋದ ಮೇಲೆ
ಪೊಟರೆಯಲ್ಲಿ ಮೊದಲು ಹುಬ್ಬು ಮೂಡುತ್ತೆ,
ಬಿಳೀ ಹುಬ್ಬು,
ಆಮೇಲೆ ಅದರ ಕೆಳಗೆ ಎರಡು ಅರಿಶಿನ.
ಕತ್ತು ಮೇಲೆ ಕೆಳಗೆ ಆಡಿಸಿ ನಿನ್ನನ್ನು ಅಳೆಯುತ್ತೆ,
ಚಿಕ್ಕಪೇಟೆಯಲ್ಲಿ ಸೀರೆಯನ್ನು ದೂರ ಹಿಡಿದು, ಹತ್ತಿರ ಹಿಡಿದು
ಕೊನೆಗೆ ಬೇಡ ಅನ್ನುವ ಹೆಂಗಸರ ಹಾಗೆ.
ಆ ಬೆಳಕು ಹನ್ನೆರಡು ನಿಮಿಷ.
ತೆಗೆದರೆ ತೆಗೆದೆ.
ಆಮೇಲಿನದು ನಿನ್ನ ಕ್ಯಾಮೆರಾದ್ದಲ್ಲ,
ಜಿರಲೆಗಳ ಹಣೆಬರಹದ್ದು.

ಆರು ಐವತ್ತಕ್ಕೆ ನೀರಿನ ಟ್ಯಾಂಕಿನಿಂದ ದೊಡ್ಡದು ಹೊರಡುತ್ತೆ,
ಕಣಜದ ಗೂಬೆ. ಅರಳಿ ಎಲೆಯಂಥ ಮುಖ.
ಸದ್ದೇ ಇಲ್ಲ.
ಸೈರನ್ನು ನಿಂತುಹೋದ ಕಾರ್ಖಾನೆಯಲ್ಲಿ
ಶಿಫ್ಟಿಗೆ ತಪ್ಪದೆ ಬರುವುದು ಅದೊಂದೇ.
ಫ್ಲ್ಯಾಶು ಹಾಕಬೇಡ, ಟಾರ್ಚೂ ಬೇಡ.
ಒಬ್ಬರು ಹಾಕಿದ್ದರು ಒಂದ್ಸಲ.
ಕಾಲಲ್ಲಿದ್ದ ಇಲಿ ಜಾರಿ ಚರಂಡಿಗೆ ಬಿತ್ತು,
ಟ್ಯಾಂಕಿನೊಳಗಿನ ಮರಿಗಳು
ಕುಕ್ಕರಿನ ಹಾಗೆ ರಾತ್ರಿಯಿಡೀ ಬುಸುಗುಟ್ಟಿದವು.
ಹಾಕಿದವಳು ನಾನೇ.
ಅದಕ್ಕೇ ಹೇಳಿದೆ.

ಇನ್ನು ಬೆಳಗಿನ ಜಾವ.
ನಾಲ್ಕು ಗಂಟೆಗೆ ಬುಡುಬುಡುಕೆಯವನು ಬರುತ್ತಿದ್ದ ಕಾಲವಿತ್ತು,
ಕಂಬಳಿ, ರುಮಾಲು, ಮೈಗೆ ಯಾರದೋ ಹಳೇ ಕೋಟು,
ಹಾಲಕ್ಕಿ ನುಡಿದೈತೆ ತಾಯಿ, ಅನ್ನುತ್ತ.
ಅಕ್ಕಿ ಹಾಕುವಾಗ ಒಮ್ಮೆ ಕೇಳಿದ, ಟೈಮೆಷ್ಟು?
ಪಾಸಾಗದ ವಾಚೊಂದು ಮನೆಯಲ್ಲಿತ್ತು, ಕೊಟ್ಟುಬಿಟ್ಟೆ.
ಮರುವಾರ ಬಂದು ವಾಪಸು ಇಟ್ಟ:
ಇದು ನಾಕು ನಿಮಿಷ ಹಿಂದೆ ತಾಯಿ,
ಹಕ್ಕೀನೇ ಸರಿ.
ತಿರುಗಿಸಿ ನೋಡಿದೆ. ನಾಲ್ಕೇ.

ಅವನು ಬರುವುದು ನಿಂತಿತು, ಹಕ್ಕಿ ನಿಲ್ಲಿಸಿಲ್ಲ.
ಐದೂವರೆಯಿಂದ ಆರೂಕಾಲರ ತನಕ
ಜೋಡಿಯಾಗಿ ಕೂಗಿ ಕಿರುಚಿ ಲೆಕ್ಕ ಒಪ್ಪಿಸುತ್ತವೆ.
ಫೋಟೋಕ್ಕೆ ಕತ್ತಲೆ. ಕಿವಿಗೆ ಸಾಕಷ್ಟು ಬೆಳಕು.
ವಾಕಿಂಗಿನವರು ಮೊಬೈಲಲ್ಲಿ ಸುಪ್ರಭಾತ ಹಾಕಿಕೊಂಡು ಬರುವಷ್ಟರಲ್ಲಿ
ಎಲ್ಲ ಮುಗಿದಿರುತ್ತೆ.

ಸೋಮಾರಿಗಳಿಗೂ ಒಂದು ಹೊತ್ತಿದೆ, ನಿನಗೆ ಹಿಡಿಸುತ್ತೆ.
ಚಳಿಗಾಲ, ಏಳೂವರೆ, ಮಂಜು ಹರಿದ ಮೇಲೆ
ಪೊಟರೆಯ ಬಾಯಲ್ಲಿ ಎದೆಗೂದಲು ಉಬ್ಬಿಸಿ
ಅರೆಗಣ್ಣಲ್ಲಿ ಬಿಸಿಲು ಕಾಯಿಸುತ್ತವೆ,
ಪಿಂಚಣಿ ಕ್ಯೂನಲ್ಲಿ ನಮ್ಮ ಸೆಕ್ಷನ್ನಿನ ರುದ್ರಾಣಿ, ಫಿಲೋಮಿನಾ ಕೂತಂತೆ.
ಎಷ್ಟು ಬೇಕೋ ಅಷ್ಟು ತೆಗೆದುಕೋ,
ಆದರೆ ಹತ್ತು ಹೆಜ್ಜೆ ಹಿಂದೆ.
ಒಂದು ಕಣ್ಣು ಪೂರಾ ತೆರೆದರೆ
ನೀನು ಹನ್ನೊಂದನೆಯದನ್ನು ಇಟ್ಟಿದ್ದೀ ಅಂತ ಅರ್ಥ.

ಫೆಬ್ರವರಿ ಮಾರ್ಚು ಬೇಡ, ಬಾಣಂತನ.
ದೀಪಾವಳಿಯ ವಾರ ಬರಲೇಬೇಡ.
ಲಕ್ಷ್ಮಿಯ ವಾಹನಕ್ಕೆ ಆ ವಾರ ಗಿರಾಕಿ ಜಾಸ್ತಿ,
ಬಲೆ ಹಿಡಿದು, ಅಮಾವಾಸ್ಯೆ ಲೆಕ್ಕ ಹಾಕಿ,
ಅಜ್ಜಿ, ಇಲ್ಲಿ ಗೂಬೆ ಇದೆಯಂತೆ, ಅಂತ ನಯವಾಗಿ ಕೇಳುತ್ತಾರೆ.
ಇರೋದು ನಾನೊಬ್ಬಳೇ ಕಣಪ್ಪಾ, ಅನ್ನುತ್ತೇನೆ.
ನಕ್ಕು ಹೋಗುತ್ತಾರೆ.
ನಾನು ರಾತ್ರಿಯೆಲ್ಲ ಕುರ್ಚಿ ಹಾಕಿಕೊಂಡು ಕೂರುತ್ತೇನೆ,
ಮೊಣಕಾಲಿಗೆ ಬಟ್ಟೆ ಸುತ್ತಿ.

ಹೊತ್ತೆಲ್ಲ ಬರೆದುಕೊಂಡೆ ತಾನೆ?
ಜಾಗ ಬರೆದುಕೊಂಡಿದ್ದರೆ ಹೊಡೆದುಹಾಕು.
ನಾಳೆ ಐದೂವರೆ ಅಂದರೆ ಐದೂವರೆ.
ಫ್ಲಾಸ್ಕಿನಲ್ಲಿ ಚಾ ತಾ,
ನನ್ನದಕ್ಕೆ ಸಕ್ಕರೆ ಬೇಡ,
ಗಲಗಲ ಅನ್ನುವ ಆ ಜಾಕೆಟ್ಟೂ ಬೇಡ.