ದೊಡ್ಡಕ್ಷರದ ಕಾಗದ

ಶಾಲೆಯ ನೆಲಮಾಳಿಗೆ ಖಾಲಿ ಮಾಡಿದ ದಿನ
ಗುಜರಿಗೆ ಹೊರಟ ಹನ್ನೊಂದು ಯಂತ್ರಗಳಲ್ಲಿ ಒಂದನ್ನು
ಕುಂಬಳಕಾಯಿಯ ಹಾಗೆ ಎರಡೂ ಕೈಯಲ್ಲಿ ತಬ್ಬಿ
ನಾಲ್ಕು ಮಹಡಿ ಹತ್ತಿಸಿದೆ.
ಲಿಫ್ಟು ಎಂದಿನಂತೆ ಕೆಟ್ಟಿತ್ತು.

ಪ್ರಾವೆತ್ಸ್. ಊರಿನ ಹೆಸರೇ ಯಂತ್ರಕ್ಕೂ.
ಹನ್ನೆರಡು ವರ್ಷ ಇದರಲ್ಲೇ ಮಕ್ಕಳಿಗೆ
ನದಿಗಳ ಉದ್ದ ಕಲಿಸಿದ್ದೆ.
ಈ ಚಳಿಗಾಲ ಮನೆವಾರ್ತೆಯೆಲ್ಲ ಇದರಲ್ಲೇ, ಅಂದುಕೊಂಡೆ.
ಬಾಗಿಲು ಬೇಗ ಮುಚ್ಚಲಿ, ಬಿಸಿ ಹೊರಗೆ ಹೋಗದಿರಲಿ ಎಂದು
ಬೆಕ್ಕಿನ ಬಾಲ ಕತ್ತರಿಸಿದರಂತೆ ಗಾಬ್ರೊವೊದ ನಮ್ಮ ಹಿರಿಯರು.
ಹೊಸದೊಂದಕ್ಕೆ ನಾನೇಕೆ ದುಡ್ಡು ಸುರಿಯಲಿ?

ಮೊದಲ ದಿನ ಸಾಮಾನಿನ ಪಟ್ಟಿ.
ಡಿಸ್ಕು ಒಣ ಹುರುಳಿಯ ಡಬ್ಬಿ ಅಲುಗಿಸಿದಂತೆ ಸದ್ದು ಮಾಡಿ
ನಿಂತು, ಯೋಚಿಸಿ, ಮತ್ತೆ ಅಲುಗಿ,
ಕೊನೆಗೆ ಹಸಿರಾಗಿ ಮಿಣುಕಿತು.
ಚೀಸು, ಈರುಳ್ಳಿ, ಸೀಮೆಎಣ್ಣೆ, ದಾರ.
ಮುದ್ರಕದ ರಿಬ್ಬನ್ನು ಒಣಗಿ ಹೋಗಿತ್ತು,
ಪರದೆ ನೋಡಿಕೊಂಡು ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡೆ.
ಅಂಗಡಿಗೆ ಹೋದರೆ ಊಟದ ಹೊತ್ತು, ಬಾಗಿಲು ಹಾಕಿತ್ತು.

ಖರ್ಚಿನ ಲೆಕ್ಕಕ್ಕೆ ಕೂತೆ.
ಕೂಡಿ ಕಳೆದ ಮೇಲೆ, ಎರಡು ಲೆವಾ ನಲವತ್ತು ಕೊಟ್ಟ ಮೊಸರನ್ನು
ಎರಡು ಪಾಯಿಂಟು ಮೂರು, ಒಂಬತ್ತು, ಒಂಬತ್ತು, ಒಂಬತ್ತು
ಎಂದು ಸಾಲಿನ ತುದಿಯವರೆಗೂ ಚೌಕಾಸಿ ಮಾಡಿತು.
ಇಷ್ಟು ಜಿಪುಣ ನಮ್ಮೂರಲ್ಲೂ ಹುಟ್ಟಿರಲಿಲ್ಲ.

ಮಾತ್ರೆಯ ಹೊತ್ತು ನೆನಪಿಸೋಣವೆಂದರೆ
ಅದಕ್ಕೆ ಗಡಿಯಾರವೇ ಇಲ್ಲ.
ಹತ್ತು ಲಕ್ಷದವರೆಗೆ ಎಣಿಸು, ಆಮೇಲೆ ಕೂಗು ಅಂತ ಬರೆದೆ.
ಪಾಪ, ಎಣಿಸಿತು.
ಕೂಗುವ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆ.

ಮೂರನೆಯ ವಾರ ಸ್ನಾನದ ಮನೆಯ ಸೂರು ತೊಟ್ಟಿಕ್ಕತೊಡಗಿತು.
ಬೇಸಿನ್ನು ಇಟ್ಟೆ. ರಿಬ್ಬನ್ನಿಗೆ ಮೊಹರಿನ ಶಾಯಿ ಕುಡಿಸಿದೆ.
ಮೇಲಿನ ಮನೆಗೆ ಕಾಗದ ಬರೆದೆ:
ನಿಮ್ಮ ಪೈಪು ಸೋರುತ್ತಿದೆ, ಬಂದು ನೋಡಿ.
ಆದರೆ ನಮ್ಮ ಲಿಪಿಯಲ್ಲಿ ಈ ಯಂತ್ರಕ್ಕೆ ಬರುವುದು
ದೊಡ್ಡಕ್ಷರ ಮಾತ್ರ.
ಹೆಸರಿನ ಮೊದಲಲ್ಲಷ್ಟೇ ಎದ್ದು ನಿಲ್ಲಬೇಕಾದವು
ಪ್ರತಿ ಮಾತಿಗೂ ಎದ್ದು ನಿಂತವು,
ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ
ಬರೀ ಹೆಡ್‌ಮಾಸ್ಟರರೇ ತುಂಬಿಕೊಂಡ ಹಾಗೆ.
ಬಾಗಿಲ ಸಂದಿಯಲ್ಲಿ ತಳ್ಳಿ ಬಂದೆ.

ಸಂಜೆ ಯೊರ್ದಾಂಕಾ ಮಿನ್ಚೆವಾ ಇಳಿದು ಬಂದಳು,
ಕೈಯಲ್ಲಿ ಕಾಗದ, ಮುಖ ಕೆಂಡ.
'ಯಾರ ಮೇಲೆ ಕಿರುಚುತ್ತಿದ್ದೀರಿ ಲ್ಯುಬೆನ್ ಮಾಸ್ತರೇ?
ನನಗೇನು ಕಿವಿ ಕೇಳಿಸುವುದಿಲ್ಲವೇ?'
ನಾನಲ್ಲ, ಅದು, ಎಂದು ಮೇಜಿನತ್ತ ಬೆರಳು ತೋರಿಸಿದೆ,
ತುಡುಗು ಹುಡುಗನ ಹಾಗೆ.

ಅವಳು ನೋಡಿದಳು.
ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು.
ಕುರ್ಚಿ ಎಳೆಯದೆ ಬಗ್ಗಿ, ಅಂಟಿಕೊಂಡಿದ್ದ ಒಂದು ಕೀಲಿಯನ್ನು
ಉಗುರಿನಿಂದ ಚಕ್ಕನೆ ಎಬ್ಬಿಸಿದಳು.
'ಆರು ವರ್ಷ ಕೀಲಿಮಣೆಯ ಸಾಲಿನಲ್ಲಿ ಕೂತಿದ್ದೆ.
ಎಷ್ಟು ಜೋಡಿಸಿದೆನೋ ಲೆಕ್ಕವಿಲ್ಲ.
ಒಂದರಲ್ಲಾದರೂ ಯಾರಾದರೂ
ಏನಾದರೂ ಬರೆದದ್ದನ್ನು ನೋಡಿರಲಿಲ್ಲ.'
ಮತ್ತೆ ಕಾಗದ ಬಿಡಿಸಿ ಓದಿದಳು,
ಈ ಸಲ ಅಕ್ಷರಗಳನ್ನಷ್ಟೇ.

ಹತ್ತಿಯನ್ನು ರಾಕಿಯಾದಲ್ಲಿ ಅದ್ದಿ
ಕೀಲಿಗಳ ಬುಡ ಒರೆಸಿದೆವು. ಸೀಸೆಯಲ್ಲಿ ಉಳಿದದ್ದು
ನಮ್ಮ ಗಂಟಲು ಒರೆಸಿತು.

ಆಮೇಲೆ ಸೂರು ನೋಡಿ ಹೇಳಿದಳು:
ನನ್ನ ಪೈಪು ಒಣಗಿದೆ, ಇದು ಆರನೆಯ ಮಹಡಿಯ
ಅಸ್ಪಾರುಖನ ಮನೆಯಿಂದ ಬರುವ ನೀರು.
ಸರಿ, ಇನ್ನೊಂದು ಕಾಗದ.
ಅವಳೇ ಕುಟ್ಟಿದಳು, ಎರಡೇ ಬೆರಳಲ್ಲಿ, ನಿಧಾನ.
ದನಿ ತಗ್ಗಿಸಲು ಯಂತ್ರಕ್ಕೆ ಬಾರದಲ್ಲ,
ಅದಕ್ಕೆ ದಯವಿಟ್ಟು ಎಂದು ಮೂರು ಸಲ ಸೇರಿಸಿದಳು,
ನಾಲ್ಕನೆಯದು ಹಾಕುವಾಗ ತಡೆದೆ.
'ಮೂರೇ ಸಾಕು. ಕುಡಿದು ಬರೆದಿದ್ದಾರೆ ಅಂದಾನು.'

ಮುದ್ರಕ ಕಿರ್ರೋ ಎಂದು ಹಲ್ಲು ಕಡಿಯುತ್ತಿತ್ತು.
ಒಳಗೆ ಬೇಸಿನ್ನು ತುಂಬಿದ ಸದ್ದು ಬದಲಾಯಿತು.
ಚೆಲ್ಲಿ ಬರುತ್ತೇನೆಂದು ಎದ್ದೆ.