ಯಾರ ತೋಳಿನಿಂದ

ಈ ನಾಡಿನಲ್ಲಿ ಹೆಸರಿಗಿಂತ ಮುಂಚೆ ಮನೆ ಬರುತ್ತದೆ.
ಹಾಜರಿ ಕರೆಯುವಾಗ ಮೇಷ್ಟರು
ಒಂದೊಂದು ಒಕ್ಕದ ಹೆಸರನ್ನೂ ಬಾಯಿತುಂಬ ಎತ್ತಿ
ಆಮೇಲೆ ಹುಡುಗನಿಗೆ ಇಳಿಯುತ್ತಿದ್ದರು.
ನನ್ನ ಸರದಿಗೆ ಬರೀ ಸೆರಪೀನ,
ಹೊಸ್ತಿಲು ದಾಟದೆ ನೇರ ಅಡುಗೆಮನೆಗೆ ಬಂದ ಹಾಗೆ.

ನಮ್ಮಲ್ಲಿ ಅದಕ್ಕೊಂದು ಕತೆಯಿತ್ತು:
ಮುತ್ತಜ್ಜನ ಅಪ್ಪ ಇನ್ನಾಸಪ್ಪ ಯಾವನೋ ದೊರೆಯ ಮಗನಂತೆ,
ಬೆಕ್ಕಿನ ಕಣ್ಣಂತೆ,
ಕುದುರೆ ಮೇಲೆ ಬರುತ್ತಿದ್ದನಂತೆ, ಬಂದರೆ ಊರ ಮಕ್ಕಳೆಲ್ಲ
ಏಲಕ್ಕಿ ಮಲೆಗೆ ಓಡಿ ಅಡಗುತ್ತಿದ್ದವಂತೆ.
ದೇವಿ ಹಾಕುವವನು. ಅಷ್ಟು ನಿಜ.
ಉಳಿದದ್ದಕ್ಕೆಲ್ಲ ಮೊನಿಕತ್ತೆಯ ನಾಲಗೆಯೇ ದಸ್ತಾವೇಜು.

ಈಗ ತಮ್ಮ ಸಿಪ್ರಿಯನ್‌ಗೆ ವಂಶವೃಕ್ಷ ಬೇಕು.
ಮಗಳ ಮದುವೆ ಕಾಗದದ ಬೆನ್ನಿಗೆ ಅಚ್ಚು ಹಾಕಿಸುತ್ತಾನಂತೆ,
ಎಲೆಗೊಂದು ಹೆಸರು. ಬುಡದ ಚೌಕ ಖಾಲಿ.
'ದೊರೆಯ ಹೆಸರೊಂದು ಹುಡುಕಿಕೊಡು ಅಕ್ಕಾ,
ಹೇಗೂ ರಿಟೈರಾಗಿದ್ದೀ.'

ಮಡಿಕೇರಿ. ಮೂರನೆಯ ದಿನ.
ದಾಖಲೆ ಕೋಣೆಯ ಪೊನ್ನವ್ವ
ನನ್ನ ಪೆನ್ನು ಇಸಿದುಕೊಂಡು ಪೆನ್ಸಿಲು ಕೊಟ್ಟಳು.
ಹುಳ ತಿಂದು ಜರಡಿಯಾದ ರಿಜಿಸ್ಟರು,
ಅದರಲ್ಲಿ ಅವನ ಅಕ್ಷರ:
ಒರಟು, ಮುಂದಕ್ಕೆ ಬಾಗಿದ್ದು,
ಏರು ಹತ್ತುವವನ ಬೆನ್ನಿನ ಹಾಗೆ.
ಊರು. ಮಗು. ಪ್ರಾಯ. ತಂದೆ.
ಕೊನೆಯ ಅಂಕಣ: ಯಾರ ತೋಳಿನಿಂದ.

ಆಗ ಆ ಮದ್ದು ಸೀಸೆಯಲ್ಲಿ ಬರುತ್ತಿರಲಿಲ್ಲ.
ಒಂದು ಮಗುವಿನ ತೋಳಲ್ಲಿ ಎಂಟು ದಿನ ಹಣ್ಣಾಗಿ
ಇನ್ನೊಂದರ ತೋಳಿಗೆ ದಾಟಬೇಕಿತ್ತು,
ನೆರೆಮನೆಯಿಂದ ಚಿಪ್ಪಿನಲ್ಲಿ ತಂದ ಕೆಂಡದ ಹಾಗೆ;
ದಾರಿಯಲ್ಲಿ ಆರಿದರೆ ಆರಿತು.

ಕೆದಮುಳ್ಳೂರು: ಪಟೇಲರ ಮೊಮ್ಮಗಳು ಚೋಂದವ್ವ, ಮೂರು ವರ್ಷ;
ಜೇನುಕುರುಬರ ಕರಿಯನ ತೋಳಿನಿಂದ.
ಅಮ್ಮತ್ತಿ: ಮಾಪಿಳ್ಳೆ ಅಂಗಡಿಯ ಬೀರಾನ್;
ಚೋಂದವ್ವನ ತೋಳಿನಿಂದ.
ಬೀರಾನನಿಂದ ಎರವರ ಚಾತೆಗೆ.
ಚಾತೆಯಿಂದ ಅರ್ಚಕರ ಮಗನಿಗೆ;
ಆ ಸಾಲಿನ ಮೇಲೆ ಶಾಯಿ ಚೆಲ್ಲಿದೆ. ಬೇಕೆಂದೇ ಇರಬಹುದು.
ದೊರೆಸಾನಿಯ ಮಗುವಿಗೆ ಎಂದು ಬರೆದು
ಗೀಟು ಹೊಡೆದದ್ದೂ ಒಂದಿದೆ.
ಬಾವಿ ಬೇರೆ, ಪಂಕ್ತಿ ಬೇರೆ, ಸುಡುಗಾಡು ಬೇರೆ ಇದ್ದವರು
ಎಂಟು ದಿನಕ್ಕೊಮ್ಮೆ ಹೀಗೆ ನೆಂಟರಾಗುತ್ತಿದ್ದರು,
ಅಳುತ್ತ, ಒದೆಯುತ್ತ, ಇಬ್ಬರು ಹಿಡಿದುಕೊಂಡು.

ಕುದುರೆ ಎಲ್ಲೂ ಸಿಗಲಿಲ್ಲ.
ಕೆರಕ್ಕೆ ಭತ್ಯೆ ಕೇಳಿದ ಅರ್ಜಿಯೊಂದಿದೆ.
ನಾಮಂಜೂರು.

ನಾಲ್ಕನೆಯ ದಿನ, ಇನ್ನೂ ಹಳೆಯದೊಂದು ಕಟ್ಟಿನಲ್ಲಿ,
ಪೊನ್ನವ್ವ ಕಿಟಕಿ ಮುಚ್ಚುತ್ತಿರುವಾಗ:
ಕಣ್ಣಾನೂರಿನಿಂದ ಘಾಟಿ ಹತ್ತಿಸಿ ತಂದ ಮಕ್ಕಳು, ಐದು.
ತಲೆಗೆ ಎರಡಾಣೆ, ಒಂದು ಕಂಬಳಿ.
ಮಾಕುಟ್ಟದಲ್ಲಿ ಒಂದಕ್ಕೆ ಜ್ವರ, ಅಲ್ಲೇ ಬಿಡಲಾಯಿತು.
ಐದನೆಯವನು ಇನ್ನಾಸ, ಪ್ರಾಯ ಎಂಟು.
ತಂದೆ, ಒಂದು ಗೀಟು. ತಾಯಿ, ಒಂದು ಗೀಟು.
ಯಾರ ತೋಳಿನಿಂದ:
ಚೀರು, ಹುಡುಗಿ, ಆರು ವರ್ಷ, ಉಪ್ಪು ಮಾರುವವಳ ಮಗಳು.
ಅಡಿಯಲ್ಲಿ ಬೇರೆ ಕೈಯಕ್ಷರ:
ವಾಪಸು ಬಂದ ಕಂಬಳಿ, ಮೂರು.

ನಾನು ಆ ಗೀಟುಗಳನ್ನೇ ಬಹಳ ಹೊತ್ತು ನೋಡಿದೆ.
ದೊರೆಯನ್ನು ಅಡಗಿಸುವಷ್ಟು ದಪ್ಪ ಇರಲಿಲ್ಲ ಅವು.
ಕೇಳಿದವರಿಲ್ಲ, ಹೇಳಿದವರಿಲ್ಲ, ಅಷ್ಟೆ.

ಬಸ್ಸಿನಲ್ಲಿ ಸೆರಗಿನೊಳಗೆ ತೋಳು ಮುಟ್ಟಿ ನೋಡಿಕೊಂಡೆ.
ನಾಣ್ಯದಗಲದ ಎರಡು ಕಲೆ. ನಮ್ಮ ಓರಗೆಯವರಿಗೇ ಕೊನೆ;
ಸಿಪ್ರಿಯನ್‌ನ ಮಗಳದು ನುಣುಪು ತೋಳು,
ಮದುವೆಗೆ ತೋಳಿಲ್ಲದ ಗೌನು ಹೊಲಿಸಿದ್ದಾಳೆ.

ಮೂರ್ನಾಡು ದಾಟುವಾಗ ಫೋನು.
'ಸಿಕ್ಕಿದನಾ ದೊರೆ?'
'ಬರೆದುಕೋ,' ಎಂದೆ, 'ಬುಡದ ಚೌಕದಲ್ಲಿ. ಚೀರು.'
'ಅವಳು ನಮಗೇನಾಗಬೇಕು?'
'ಎಡತೋಳು.'
ಆ ಕಡೆ ಹೊಲಿಗೆ ಮಿಷನ್ನಿನ ಸದ್ದು, ಯಾರೋ ನಕ್ಕದ್ದು.
ಬಹಳ ಹೊತ್ತಿನ ಮೇಲೆ ಕೇಳಿದ:
'ಚೀ ದೀರ್ಘವಾ, ಅಕ್ಕಾ?'
'ದೀರ್ಘ,' ಎಂದೆ.